ಹಿತ್ತಲಿಗೆ ನೀರು, ಜಾಡಿಗೆ ಬಿಸಿಲು

ಹಸ್ತದ ಮಳೆ ಹೊಯ್ದ ಮಾರನೆಯ ಬೆಳಿಗ್ಗೆ ನಮ್ಮ ಹಿತ್ತಲಿಗೆ ಕಾಲಿಟ್ಟರೆ ಒಂದೊಂದು ಚಪ್ಪಲಿಯೂ ಒಂದೊಂದು ಸೇರು ತೂಗುತ್ತದೆ. ಕೆಂಪು ಮಣ್ಣು ಅಟ್ಟೆಗೆ ಅಂಟಿ, ಅಂಟಿದ ಮಣ್ಣಿಗೆ ಇನ್ನಷ್ಟು ಮಣ್ಣು ಅಂಟಿ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಾನು ಎರಡು ಅಂಗುಲ ಬೆಳೆದಿರುತ್ತೇನೆ. ಚಪ್ಪಲಿ ಕಳಚಿ ಬೇಲಿಗೆ ಸಿಕ್ಕಿಸಿ ಬರಿಗಾಲಲ್ಲಿ ಗುದ್ದಲಿ ಹಿಡಿಯುವುದೇ ವಾಸಿ. ಮೊದಲ ಕೆಲಸ ನಿಂಬೆಯ ಪಾತಿ. ಬೇಸಿಗೆಯಲ್ಲಿ ಕೋಳಿಗಳು ಕೆದರಿ ಸಪಾಟು ಮಾಡಿದ್ದನ್ನು ಮತ್ತೆ ಎತ್ತಿ ಕಟ್ಟಬೇಕು. ಅದರಲ್ಲೂ ಒಂದು ಲೆಕ್ಕವಿದೆ. ನಿಂಬೆಯ ಬುಡಕ್ಕೆ ನೀರು ತಾಗಿ ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಆದ್ದರಿಂದ ಬುಡಕ್ಕೆ ಮಣ್ಣೇರಿಸಿ ಸಣ್ಣ ದಿಬ್ಬ ಮಾಡಿ, ನೀರು ಹೊರಸುತ್ತಿನ ಉಂಗುರದಲ್ಲಿ ಮಾತ್ರ ನಿಲ್ಲುವಂತೆ ತೋಡಬೇಕು. ಗಿಡ ನೀರು ಕುಡಿಯುವುದು ಬುಡದಿಂದಲ್ಲ, ಕೊಂಬೆಯ ತುದಿ ನೆರಳು ಬೀಳುವಲ್ಲಿಂದ. ಇದನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ಅಜ್ಜಿ. ಹೇಳಿದ್ದು ಇಷ್ಟೇ: "ಊಟ ಬಾಯ್ಗೆ ಇಕ್ಕು, ಹೊಟ್ಟೆ ಮ್ಯಾಲ್ ಸುರೀಬ್ಯಾಡ ಕನಪ್ಪ."

ನಮ್ಮ ಹರವೆ ಕಡೆಯವರು ಜೂನ್ ತಿಂಗಳನ್ನು ಅಷ್ಟಾಗಿ ನಂಬುವುದಿಲ್ಲ. ಪಡುವಣದಿಂದ ಹೊರಟ ಮೋಡ ವಯನಾಡಿನಲ್ಲಿ, ನೀಲಗಿರಿಯ ಆಚೆ ಮಗ್ಗುಲಲ್ಲಿ ತನ್ನ ಗಂಟನ್ನೆಲ್ಲ ಬಿಚ್ಚಿಟ್ಟು ಬರುತ್ತದೆ. ನಮಗೆ ದಕ್ಕುವುದು ಗಾಳಿ, ಒಂದಷ್ಟು ಸೋನೆ, ಮತ್ತೆ ಗಾಳಿ. ಗುಂಡ್ಲುಪೇಟೆಯ ಬಯಲಲ್ಲಿ ಚೆಂಡುಹೂವು, ಸೂರ್ಯಕಾಂತಿ ಅರಳಿದಾಗ ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಆಗಲೂ ಅಲ್ಲಿನ ರೈತ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ನೋಡುತ್ತ ನಿಂತಿರುತ್ತಾನೆ. ಭೂಮಿ ನಿಜವಾಗಿ ನೆನೆಯುವುದು ದಸರೆಯ ಆಚೀಚೆ. ಹಗಲೆಲ್ಲ ಬಿಸಿಲು, ನಾಲ್ಕು ಗಂಟೆಗೆ ಮೂಡಣದಲ್ಲಿ ಕಪ್ಪು, ಐದಕ್ಕೆ ಗುಡುಗು, ಆರಕ್ಕೆ ಕರೆಂಟಿಲ್ಲ. ಹಸ್ತ ಮುಗಿದು ಅಕ್ಟೋಬರಿನ ನಡುವೆ ಚಿತ್ತೆ ಹುಟ್ಟಿದರಂತೂ ಹೇಳುವುದೇ ಬೇಡ. ಅದನ್ನು ಕುರುಡು ಚಿತ್ತೆ ಎಂದು ಸುಮ್ಮನೆ ಕರೆದಿಲ್ಲ. ನಮ್ಮ ಬೀದಿಗೆ ಸುರಿದು ಹಿಂದಿನ ಬೀದಿಯನ್ನು ಒಣಗಿಸಿ ಹೋಗುತ್ತದೆ.

ಉಪ್ಪಿನಕಾಯಿ ಅಂದರೆ ಎಲ್ಲರಿಗೂ ನೆನಪಾಗುವುದು ಬೇಸಿಗೆ. ಮಾವಿನಮಿಡಿ, ಉರಿಬಿಸಿಲು, ಮಹಡಿಯ ಮೇಲೆ ಚಾಪೆ. ಆ ಕಾಲದಲ್ಲಿ ಉಪ್ಪಿನಕಾಯಿ ಹಾಕುವುದರಲ್ಲಿ ದೊಡ್ಡಸ್ತಿಕೆಯೇನಿದೆ ಎಂದು ನನಗೆ ಅನ್ನಿಸಿದ್ದುಂಟು. ಸೂರ್ಯನೇ ಅರ್ಧ ಕೆಲಸ ಮಾಡಿಕೊಡುತ್ತಾನೆ. (ಮಲೆನಾಡಿನವರು ಕ್ಷಮಿಸಬೇಕು.) ನಮ್ಮ ಹಿತ್ತಲಿನ ಮೂರು ಕಾಯಿಗಳು, ಅಂದರೆ ನಿಂಬೆ, ಹೇರಳೆ, ನೆಲ್ಲಿ, ಕೈಗೆ ಬರುವುದು ಮಾತ್ರ ಈ ಶರತ್ಕಾಲದಲ್ಲಿ, ಆಕಾಶ ಯಾವಾಗ ತೂತಾಗುತ್ತದೋ ಎಂದು ಹೇಳಲಾಗದ ದಿನಗಳಲ್ಲಿ. ಹೀಗಾಗಿ ನನ್ನದು ಎರಡು ವೇಷ. ಬೆಳಿಗ್ಗೆ ಒಂದು ಹನಿಯೂ ಬೇಲಿ ದಾಟದಂತೆ ಬದು ಕಟ್ಟಿ ನೀರು ಹಿಡಿಯುತ್ತೇನೆ. ಮಧ್ಯಾಹ್ನ ಕೈಕಾಲು ತೊಳೆದು ಅಡುಗೆಮನೆಯ ಮೂಲೆಯಲ್ಲಿ ಕೂತರೆ ಅದೇ ನೀರು ನನ್ನ ಶತ್ರು.

ನಿಂಬೆಹಣ್ಣನ್ನು ತೊಳೆಯುವುದು ಐದು ನಿಮಿಷದ ಕೆಲಸ. ಒರೆಸುವುದು ಒಂದು ಗಂಟೆಯದು. ಹಳೆಯ ಪಂಚೆಯ ತುಂಡಿನಲ್ಲಿ ಒಂದೊಂದನ್ನೂ ಉರುಳಿಸಿ, ತೊಟ್ಟಿನ ಗುಳಿಯಲ್ಲಿ ಅಡಗಿದ ಹನಿಯನ್ನು ಬಟ್ಟೆಯ ತುದಿಯಿಂದ ಹೀರಿ ತೆಗೆಯಬೇಕು. ಆಮೇಲೆ ಮೊರದಲ್ಲಿ ಹರಡಿ ಆರಲು ಬಿಡಬೇಕು. ಈ ಒರೆಸುವಿಕೆ ಇದೆಯಲ್ಲ, ಅದೇ ನನಗೆ ಇಡೀ ಕಸುಬಿನಲ್ಲಿ ಅತ್ಯಂತ ಪ್ರಿಯವಾದದ್ದು. ಕೈ ತನ್ನ ಪಾಡಿಗೆ ತಿರುಗುತ್ತದೆ, ಸಿಪ್ಪೆಯ ಎಣ್ಣೆ ಬೆರಳಿಗೆ ಹತ್ತುತ್ತದೆ, ರೇಡಿಯೋ ಏನೋ ಹೇಳುತ್ತಿರುತ್ತದೆ. ಮನೆಯವಳು ಬಾಗಿಲಲ್ಲಿ ನಿಂತು, "ಮಕ್ಕಳಿಗೆ ಸ್ನಾನ ಮಾಡಿಸಿದಾಗ ಒಂದು ದಿನ ಹೀಗೆ ಒರೆಸಿದ್ದರೆ!" ಅನ್ನುತ್ತಾಳೆ. ಉತ್ತರವಿಲ್ಲದ ಮಾತಿಗೆ ನಾನು ಇನ್ನೊಂದು ನಿಂಬೆ ಎತ್ತಿಕೊಳ್ಳುತ್ತೇನೆ.

ಒಂದು ನಿಂಬೆಗೆ ನಾಲ್ಕು ಹೋಳು. ನಾಲ್ಕು ಪಾಲು ಹೋಳಿಗೆ ಒಂದು ಪಾಲು ಕಲ್ಲುಪ್ಪು, ಅದನ್ನೂ ಹುರಿದು ಆರಿಸಿದ್ದು. ಪುಡಿ ಉಪ್ಪು ಹಾಕಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಕಲ್ಲುಪ್ಪು ನಿಧಾನವಾಗಿ ಕರಗುತ್ತ ತಳಕ್ಕೆ ಇಳಿಯುವುದನ್ನು ನೋಡುವ ಸುಖ ತಪ್ಪುತ್ತದೆ. ಮೂರನೆಯ ದಿನಕ್ಕೆ ಜಾಡಿಯಲ್ಲಿ ತಾನಾಗಿ ನೀರು ಏರಿರುತ್ತದೆ. ನಾವು ಅಷ್ಟು ಪಾಡುಪಟ್ಟು ಒರೆಸಿದ್ದು ಹೊರಗಿನ ನೀರು. ಇದು ಹೋಳಿನೊಳಗಿನಿಂದ ಉಪ್ಪು ಎಳೆದುಕೊಂಡ ನೀರು. ಕಾಯಿಯಿಂದ ಎಳೆದ ಹಾಗೇ, ಕೆಡಿಸಲು ಬರುವ ಜೀವಾಣುವಿನ ಮೈಯಿಂದಲೂ ಉಪ್ಪು ನೀರೆಳೆದು ಅದನ್ನು ಬಾಡಿಸುತ್ತದೆ. ಜೊತೆಗೆ ನಿಂಬೆಯ ಹುಳಿ ಇದ್ದೇ ಇದೆ. ಹೊರಗಿನ ಒಂದು ಚಮಚ ನೀರು ಬಿದ್ದರೆ ಈ ಬಿಗಿ ಸಡಿಲವಾಗುತ್ತದೆ. ಹೋಳು ರಸದಲ್ಲಿ ಮುಳುಗದೆ ಮೇಲೆ ತೇಲಿದರೂ ಅಷ್ಟೇ, ಗಾಳಿಗೆ ಒಡ್ಡಿಕೊಂಡ ಜಾಗದಲ್ಲಿ ಬೂಷ್ಟು ಕೂರುತ್ತದೆ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಳಮೇಲು ಮಾಡಿ, ಒತ್ತಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗಿಟ್ಟರೆ, ಮೂರು ನಾಲ್ಕು ವಾರಕ್ಕೆ ಸಿಪ್ಪೆ ಮೆತ್ತಗಾಗುತ್ತದೆ. ಖಾರ, ಮೆಂತ್ಯ, ಇಂಗಿನ ಮಾತು ಅಲ್ಲಿಂದ ಮುಂದಕ್ಕೆ. ಮೊದಲೇ ಖಾರ ಸುರಿಯುವ ಆತುರಗಾರರ ಮನೆಯ ನಿಂಬೆ ಸಿಪ್ಪೆ ಮಾರನೆಯ ವರ್ಷವೂ ಚಪ್ಪಲಿಯ ಅಟ್ಟೆಯ ಹಾಗೇ ಇರುತ್ತದೆ.

ಒಂದು ವರ್ಷ ನನ್ನ ಜಾಡಿಗೂ ಬೂಷ್ಟು ಬಂತು. ತಪ್ಪು ಚಿತ್ತೆಯದಲ್ಲ, ನನ್ನದೇ. ಗುಡುಗಿಗೆ ಹೆದರಿ ಮಹಡಿ ಹತ್ತಿದವನು, ಒದ್ದೆ ಕೈಯಲ್ಲೇ ಬಟ್ಟೆ ಬಿಚ್ಚಿ ಒಳಗೆ ಮಳೆ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿದ್ದೆ! ಮಳೆ ಬಿದ್ದಿರಲಿಲ್ಲ, ಬಿದ್ದದ್ದು ನನ್ನ ಬೆರಳಿನಿಂದ. ಹತ್ತು ದಿನಕ್ಕೆ ಬಿಳಿ ಹತ್ತಿಯಂಥದ್ದು ಮೂಡಿತು. ಮೇಲಿನದನ್ನು ತೆಗೆದು ಉಳಿದದ್ದನ್ನು ಕುದಿಸಿ ಎಂದರು ಕೆಲವರು. ಕಣ್ಣಿಗೆ ಕಾಣುವುದು ಬೂಷ್ಟಿನ ತಲೆ ಮಾತ್ರ, ಬೇರು ಕೆಳಗಿಳಿದಿರುತ್ತದೆ. ಇಡೀ ಜಾಡಿಯನ್ನು ಗುಂಡಿಗೆ ಸುರಿದೆ. ಅದೂ ತಪ್ಪೇ. ಅಷ್ಟು ಉಪ್ಪು ಬಿದ್ದ ಗುಂಡಿಯ ಪಕ್ಕದ ಬಾಳೆ ಆ ವರ್ಷ ಎಲೆಯಂಚು ಸುಟ್ಟುಕೊಂಡು ನಿಂತಿತು.

ನಿಂಬೆ ಗಿಡದ ಬಾಡಿಗೆದಾರನೊಬ್ಬನ ಬಗ್ಗೆಯೂ ಹೇಳಬೇಕು. ಮಳೆಗೆ ಬಂದ ಎಳೆಯ ಕೆಂಪುಚಿಗುರಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂದು ಬಿಳಿ ಮಚ್ಚೆ ಕಾಣಿಸುತ್ತದೆ. ಮುಟ್ಟಿದರೆ ಅಲುಗುತ್ತದೆ. ನಿಂಬೆ ಚಿಟ್ಟೆಯ ಮರಿಹುಳು ಅದು. ಬೆಳೆದ ಮೇಲೆ ಹಸಿರು ಅಂಗಿ ತೊಟ್ಟು, ಕೆಣಕಿದರೆ ತಲೆಯಿಂದ ಕಿತ್ತಳೆ ಬಣ್ಣದ ಕವೆಗೊಂಬು ಚಾಚಿ ಘಾಟು ಬಿಡುತ್ತದೆ. ಔಷಧಿ ಹೊಡೆಯಲು ಮನಸ್ಸು ಬಾರದೆ ನಾನು ಹುಳುಗಳನ್ನು ಎಲೆ ಸಮೇತ ಕಿತ್ತು ಬೇಲಿಯಾಚೆಯ ಕಾಡುಗಿಡಕ್ಕೆ ಸಾಗಿಸುತ್ತಿದ್ದೆ. ಅವು ನಿಂಬೆಯ ಬಳಗ ಬಿಟ್ಟು ಬೇರೆ ಎಲೆಯನ್ನು ಮೂಸುವುದೂ ಇಲ್ಲ ಎಂದು ಗೊತ್ತಾದ ಮೇಲೆ, ನನ್ನ ಅಹಿಂಸೆ ಎಂಥದ್ದೆಂದು ನಾಚಿಕೆಯಾಯಿತು. ಈಗ ಗಿಡದ ಉತ್ತರದ ಕೊಂಬೆಯೊಂದನ್ನು ಅವಕ್ಕೆ ಬಿಟ್ಟುಕೊಟ್ಟಿದ್ದೇನೆ. ಕರಾರನ್ನು ಅವು ಓದಿದಂತೆ ಕಾಣುವುದಿಲ್ಲ.

ಹೇರಳೆಯದು ಬೇರೆಯೇ ಗತ್ತು. ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲದು, ಎರಳೆಕಾಯಿ ಅನ್ನುತ್ತೇವೆ. ಕಿತ್ತಳೆಗಿಂತ ದಪ್ಪ, ಮೈಯೆಲ್ಲ ಗಂಟುಗಂಟು, ಕೊಯ್ಯಲು ಹೋದರೆ ಮುಳ್ಳು. ಪೇಟೆಯ ಅಂಗಡಿಯವರು ಇದನ್ನು ಮಾರುವುದು ಅಪರೂಪ. ಹಿತ್ತಲಿದ್ದವರ ಮನೆಯಿಂದ ಇಲ್ಲದವರ ಮನೆಗೆ ಸೆರಗಿನಲ್ಲೇ ಸಾಗುವ ಕಾಯಿ. ರಸದಿಂದ ಚಿತ್ರಾನ್ನ, ಸಿಪ್ಪೆಯಿಂದ ಉಪ್ಪಿನಕಾಯಿ. ಕಹಿಯೆಲ್ಲ ಇರುವುದು ಸಿಪ್ಪೆಯ ಒಳಗಿನ ಬಿಳಿಯಲ್ಲಿ. ಅದನ್ನು ಪೂರಾ ಹೆರೆದರೆ ಉಳಿಯುವುದು ಬರೀ ಹುಳಿ, ಹಾಗೇ ಬಿಟ್ಟರೆ ನಾಲಗೆ ಮುದುಡುತ್ತದೆ. ಎಷ್ಟು ಹೆರೆಯಬೇಕು ಎಂದು ಅಜ್ಜಿಯನ್ನು ಕೇಳಿದೆ. "ಸಿಟ್ಟು ಬಂದೋರ್ ಮಾತ್ನಾಗ ಎಷ್ಟ್ ಕಹಿ ಇದ್ರ ಸೈಸ್ಕಬೌದೋ ಅಷ್ಟ ಬುಡು." ಹಬೆಯಲ್ಲಿ ಬಾಡಿಸಿ, ಹೆಚ್ಚಿ, ಉಪ್ಪಲ್ಲಿ ಒಂದು ವಾರ ಕೂಡಿಹಾಕಿ, ಆಮೇಲೆ ಬೆಲ್ಲ ಮತ್ತು ಬ್ಯಾಡಗಿ ಮೆಣಸಿನ ಪುಡಿ. ಹೊಸದರಲ್ಲಿ ಐದು ರುಚಿಯೂ ಒಂದೊಂದು ದಿಕ್ಕಿಗೆ ಎಳೆದಾಡುತ್ತವೆ. ಸಂಕ್ರಾಂತಿಯ ಹೊತ್ತಿಗೆ ಜಗಳ ಮುಗಿದಿರುತ್ತದೆ.

ಇನ್ನು ನೆಲ್ಲಿ. ಈ ಮರದಷ್ಟು ತಾಳ್ಮೆ ನನಗಿದ್ದಿದ್ದರೆ! ಬೇಸಿಗೆಯ ಬಾಗಿಲಲ್ಲಿ ಹೂ ಬಿಟ್ಟು ಕಾಯಿ ಕಚ್ಚುತ್ತದೆ, ಆಮೇಲೆ ತಿಂಗಳುಗಟ್ಟಲೆ ಬೆಳೆಯುವುದೇ ಇಲ್ಲ. ಕಣ್ಣಿಗೂ ಕಾಣದಷ್ಟು ಸಣ್ಣದಾಗಿ ಕಡ್ಡಿಗೆ ಅಂಟಿ ಮಲಗಿರುತ್ತದೆ. ಮಳೆಗಾಲ ಬಲಿತ ಮೇಲೆ ಎಚ್ಚರವಾದಂತೆ ಊದತೊಡಗುತ್ತದೆ. ಕಾರ್ತಿಕದ ಹೊತ್ತಿಗೆ ಕೊಂಬೆ ಬಾಗಿ ಬೇಲಿಗೆ ಒರಗುತ್ತದೆ. ಹದಿನೈದು ವರ್ಷದ ಹಿಂದೆ ಇದನ್ನು ಹೆಚ್ಚಲು ನಾನು ಈಳಿಗೆಮಣೆ ಹಾಕಿಕೊಂಡು ಕೂತಿದ್ದೆ. ಹೋಳುಗಳೆಲ್ಲ ಕಪ್ಪಾದವು, ಬೆರಳೂ ಕಪ್ಪು. ನೆಲ್ಲಿಯ ಒಗರು ಕಬ್ಬಿಣಕ್ಕೆ ತಾಗಿದರೆ ಆಗುವುದೇ ಹಾಗೆ. ಹಿಂದಿನವರು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಕಾಯಿಸುತ್ತಿದ್ದುದು ಇದೇ ನಂಟಿನಿಂದ. ಅವತ್ತು ನಾನು ತಯಾರಿಸಿದ್ದು ಉಪ್ಪಿನಕಾಯಿಯಲ್ಲ, ಮಸಿ. ನೆಲ್ಲಿಗೆ ಚಾಕುವೇ ಬೇಡ. ಹಬೆಯಲ್ಲಿ ಹತ್ತು ನಿಮಿಷ ಇಟ್ಟು ಬೆರಳಲ್ಲಿ ಒತ್ತಿದರೆ ಗೆರೆಗುಂಟ ತಾನೇ ಎಸಳಾಗಿ ಬಿಡಿಸಿಕೊಳ್ಳುತ್ತದೆ.

ನೆಲ್ಲಿಯನ್ನು ಅಡುಗೆಗೆ ಹಚ್ಚಿದ್ದರಲ್ಲಿ ನಮ್ಮವರು ಹಳಬರು. ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಕಳಲೆಗೂ ನೆಲ್ಲಿಕಾಯಿಗೂ ಸೇರಿ ಒಂದು ಅಧ್ಯಾಯವೇ ಇದೆ. ಈ ಕಾಲದಲ್ಲಿ ಅದೇ ವಿದ್ಯೆಯನ್ನು ಕೈಗೆತ್ತಿಕೊಂಡ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಮೈಸೂರಿನಲ್ಲಿ ಶುರುವಾದದ್ದು 1950ರ ಅಕ್ಟೋಬರ್ 21ರಂದು, ಚೆಲುವಾಂಬ ಅರಮನೆಯಲ್ಲಿ. ಆಹಾರ ಕೆಡದಂತೆ ಕಾಯುವ ವಿದ್ಯೆಗೆ ಬಾಗಿಲು ತೆರೆಯಲು ಸರಿಯಾಗಿ ಚಿತ್ತೆ ಮಳೆಯ ದಿನಗಳೇ ಒದಗಿದ್ದು ನನಗೆ ಖುಷಿ ಕೊಡುತ್ತದೆ.

ಆದರೆ ನೆಲ್ಲಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ಅಲ್ಲಿನ ಕಾಡಿನಲ್ಲಿ ಎರಡು ಬಗೆಯ ನೆಲ್ಲಿಯಿದೆ. ತಲೆಮಾರುಗಳಿಂದ ಅದನ್ನು ಕೊಯ್ದು ಬದುಕಿದವರು ಅವರು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲೇ ಸೋಲಿಗರ ಅರಣ್ಯ ಹಕ್ಕಿಗೂ ಮನ್ನಣೆ ಸಿಕ್ಕಿತು. ನೆಲ್ಲಿಮರದ ಕೊಂಬೆಗೆ ಹತ್ತಿ ರಸ ಹೀರುವ ಬಂದಳಿಕೆಯನ್ನು ಅವರು ಉಪ್ಪಿಲು ಅನ್ನುತ್ತಾರೆ. ಹಿಂದೆ ಬೇಸಿಗೆಗೆ ಮುಂಚೆ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದಾಗ ಉಪ್ಪಿಲು ಹದ್ದಿನಲ್ಲಿತ್ತು, ಬೆಂಕಿ ನಿಂತ ಮೇಲೆ ಅದು ಮರಗಳನ್ನೇ ನುಂಗುತ್ತಿದೆ ಎಂಬುದು ಅವರ ಮಾತು. ನಾನು ಅದನ್ನು ಕೇಳಿ ಮನೆಗೆ ಬಂದು ನಮ್ಮ ನೆಲ್ಲಿಯ ನೆತ್ತಿ ನೋಡಿದರೆ, ಅಲ್ಲೂ ಒಂದು ದಟ್ಟ ಹಸಿರು ಗೊಂಚಲು! ವರ್ಷಗಟ್ಟಲೆ ಅದನ್ನು ಮರದ್ದೇ ಸಮೃದ್ಧಿ ಎಂದುಕೊಂಡು ಮೆಚ್ಚಿಕೊಂಡಿದ್ದೆ. ಏಣಿ ಹಾಕಿ, ಬಂದಳಿಕೆ ಹತ್ತಿದ ಕೊಂಬೆಯನ್ನು ಮೊಳ ಕೆಳಗಿನಿಂದಲೇ ಗರಗಸದಲ್ಲಿ ಕೊಯ್ದೆ. ಈಗ ಪ್ರತಿವರ್ಷ ಈ ಕಾಲದಲ್ಲಿ ಒಮ್ಮೆ ಏಣಿ ಹತ್ತುತ್ತೇನೆ.

ಸೀಬೆಯ ವಿಷಯ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಮುಕ್ಕಾಲು ಬಾವಲಿಗಳ ಪಾಲು. ಉಳಿದದ್ದರಲ್ಲಿ ಮನೆಯವಳು ಜಾಮ್ ಕಾಯಿಸುತ್ತಾಳೆ. ಆ ಒಲೆಯ ಹತ್ತಿರ ನನಗೆ ಪ್ರವೇಶವಿಲ್ಲ. ಉಪ್ಪು ಮಾಡುವ ಕೆಲಸವನ್ನೇ ಅಲ್ಲಿ ಸಕ್ಕರೆ ಮಾಡುತ್ತದೆ. ನೂರಕ್ಕೆ 65ರ ಮೇಲೆ ಸಕ್ಕರೆಯಂಶವಿದ್ದರೆ ಬೂಷ್ಟಿಗೆ ಬದುಕಲು ನೀರು ಸಿಗುವುದಿಲ್ಲ. ತಟ್ಟೆಗೆ ಒಂದು ತೊಟ್ಟು ಬಿಟ್ಟು ಓರೆ ಮಾಡಿದರೆ ಹರಿಯದೆ ಮಡಿಕೆ ಬಿದ್ದು ಜಾರಬೇಕು, ಅದೇ ಹದ. ಮಕ್ಕಳ ಕಣ್ಣು ಯಾವಾಗಲೂ ಆ ಬಾಟಲಿಯ ಮೇಲೆ. ನನ್ನ ಜಾಡಿಗಳನ್ನು ಯಾರೂ ಕದಿಯುವುದಿಲ್ಲ ಎಂಬ ಸಣ್ಣ ಬೇಸರ ನನಗಿತ್ತು.

ಕಳೆದ ಉತ್ಥಾನ ದ್ವಾದಶಿಯ ಹಿಂದಿನ ದಿನ ಬೀದಿಯೆಲ್ಲ ನೆಲ್ಲಿಕೊಂಬೆಗೆ ನಮ್ಮ ಮನೆಗೇ ಬಂತು. ತುಳಸಿಯ ಪಕ್ಕ ನೆಡಲು ಕಾಯಿರುವ ಕೊಂಬೆಯೇ ಬೇಕು, ಅದೂ ಜೋಡಿಕಾಯಿ. ಕೊಟ್ಟು ಕೊಟ್ಟು ಮರ ಬೋಳಾಗುವ ಹೊತ್ತಿಗೆ ಒಂದು ಸಾವಿನ ಸುದ್ದಿ ಬಂತು, ಇಬ್ಬರೂ ಗುಂಡ್ಲುಪೇಟೆಗೆ ಓಡಿದೆವು. ಮಹಡಿಯ ಮೇಲೆ ಮೂರು ಜಾಡಿ, ಮೊರದಲ್ಲಿ ಒಣಗಲು ಹರಡಿದ ನೆಲ್ಲಿಚಟ್ಟು. ತೆರಕಣಾಂಬಿ ದಾಟುವಾಗಲೇ ಬಸ್ಸಿನ ಗಾಜಿಗೆ ಹನಿ ಬಡಿಯಿತು. ವಿಶಾಖೆಯ ಮಳೆ, ಹಿಡಿದರೆ ಬಿಡುವುದಲ್ಲ. ಸಾವಿನ ಮನೆಯಲ್ಲಿ ಕೂತು ಜಾಡಿಯನ್ನು ನೆನೆಯುವುದು ತಪ್ಪೆಂದು ಗೊತ್ತಿದ್ದೂ ನೆನೆದೆ.

ರಾತ್ರಿ ಬಂದು ಟಾರ್ಚ್ ಹಿಡಿದು ಮಹಡಿ ಹತ್ತಿದರೆ ಬರೀ ಒದ್ದೆ ನೆಲ. ಬೆಳಿಗ್ಗೆ ಅಜ್ಜಿ ತನ್ನ ಮೊಮ್ಮಗನ ಕೈಲಿ ಒಂದೊಂದೇ ಜಾಡಿ ಕಳಿಸಿದರು. ಮೈ ಒರೆಸಿ ಒಣಗಿಸಿದ್ದವು. ಹೇರಳೆಯ ಜಾಡಿಯ ಬಾಯಿಗೆ ಕಟ್ಟಿದ್ದ ಗಂಟು ಮಾತ್ರ ನನ್ನದಲ್ಲ. ಬಿಚ್ಚಿ ನೋಡಿದೆ, ಎರಡು ಬೆರಳಿನಷ್ಟು ಕೆಳಗಿಳಿದಿತ್ತು. ಬೇಲಿಯಾಚೆಯಿಂದ ಅಜ್ಜಿ ಕೂಗಿ ಹೇಳಿದರು:

"ಉಪ್ಪು ಇನ್ನೊಂದ್ ವಸಿ ಬೇಕಾಗಿತ್ತು ಕನಪ್ಪ. ಕಹಿ ಮಾತ್ರ ಸರ್ಯಾಗದ."