ಆರು ಕಂಬದ ವಿಧಾನಸೌಧ

ವಿಧಾನಸೌಧದ ಮುಂದುಗಡೆ ಮೆಟ್ಟಿಲು ಹತ್ತಿದ್ರೆ ಸಿಗೋ ದೊಡ್ಡ ಕಂಬಗಳು ಎಷ್ಟು, ಹೇಳಿ ನೋಡೋಣ? ಹನ್ನೆರಡು. ಒಂದೊಂದೂ 40 ಅಡಿ ಎತ್ತರ. ದಿನಾ ಅದರ ಮುಂದೆ ಬಸ್ಸಲ್ಲಿ ಹೋಗೋರೂ ಎಣಿಸಿರಲ್ಲ. ಆದ್ರೆ ಅದನ್ನ ಬಟ್ಟೇಲಿ ಹೊಲಿಯೋಕೆ ಕೂತ್ರೆ ಎಣಿಸದೇ ಗತಿಯಿಲ್ಲ.

ಅಮೆರಿಕದಲ್ಲಿರೋ ಅಕ್ಕನಿಗೆ ಮಗು ಆಗೋದಿತ್ತು. ಆ ಮಗುವಿನ ಹೊದಿಕೆ ಮೇಲೆ ನಮ್ಮೂರು ಇರ್ಲಿ ಅನ್ನೋದು ನನ್ನಾಸೆ. ಅಲ್ಲಿಯವರ ಕ್ವಿಲ್ಟ್‌ಗಳಲ್ಲಿ ಕಟ್ಟಡ ಮೂಡಿಸೋದು ಹೊಸದೇನಲ್ಲ. ಚೌಕ, ತ್ರಿಕೋನ, ಪಟ್ಟಿಗಳನ್ನ ಜೋಡಿಸಿ ಶಾಲೆ ಮಾಡೋ 'ಸ್ಕೂಲ್‌ಹೌಸ್' ಬ್ಲಾಕಿಗೆ ನೂರು ವರ್ಷ ದಾಟಿದೆ. ಬ್ಲಾಕ್ ಅಂದ್ರೆ ಒಂದು ಚೌಕದಷ್ಟು ಚಿತ್ರ; ಅಂಥವನ್ನ ಸೇರಿಸಿದ್ರೆ ಹೊದಿಕೆಯ ಮೇಲ್ಪದರ. ನಾನು ಆರಿಸಿದ್ದು 12 ಇಂಚಿನ ನಾಲ್ಕು: ಲಾಲ್‌ಬಾಗ್ ಬಂಡೆ ಮೇಲಿನ ಕೆಂಪೇಗೌಡ ಗೋಪುರ, ವಿಧಾನಸೌಧ, ಅದರೆದುರಿನ ಅಠಾರ ಕಚೇರಿ, ಆಮೇಲೆ ಗಾಜಿನ ಮನೆ.

ಬಟ್ಟೆಗೆ ಚಿಕ್ಕಪೇಟೆ ಬಿಟ್ಟು ಇನ್ನೆಲ್ಲಿಗೆ ಹೋಗೋದು? 2017ರಲ್ಲಿ ಮೆಟ್ರೋ ಸ್ಟೇಷನ್ ಆದಮೇಲಂತೂ ಪಾರ್ಕಿಂಗ್ ತಲೆಬಿಸಿನೂ ಇಲ್ಲ. ಬ್ಲೌಸಿಗೆ ತಗೊಳ್ತೀವಲ್ಲ ಟೂ ಬೈ ಟೂ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಂದೇ ಬಣ್ಣದಲ್ಲಿ ಹತ್ತಾರು ಶೇಡ್ ಸಿಗತ್ತೆ. "ಬೂದಿ ಬಣ್ಣ ಕಾಲು ಮೀಟರ್ ಕೊಡಿ" ಅಂದೆ. "ಕಾಲು ಮೀಟರಲ್ಲಿ ಬ್ಲೌಸ್ ಆಗಲ್ಲಮ್ಮಾ" ಅಂದ್ರು ಅಂಗಡಿಯವರು. "ಬ್ಲೌಸ್ ಅಲ್ಲ, ವಿಧಾನಸೌಧ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿ, ನಾಲ್ಕು ಥರದ ಬೂದಿ ಬಣ್ಣ ಹರವಿ, "ಬಿಸಿಲಲ್ಲಿರೋದಾ, ಮಳೇಲಿ ನೆಂದಿರೋದಾ?" ಅಂತ ಕೇಳೋದಾ! :-)

ಮನೆಗೆ ಬಂದು ಗ್ರಾಫ್ ಹಾಳೆ ಮೇಲೆ ಲೆಕ್ಕ. 12 ಕಂಬ, ನಡುವೆ 11 ಸಂದು, ಒಟ್ಟು 23 ಪಟ್ಟಿ, 22 ಹೊಲಿಗೆ. ಪ್ರತಿ ಅಂಚಿಗೂ ಕಾಲಿಂಚು ಒಳಗೆ ಬಿಡೋದು ರೂಢಿ. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಜಾಸ್ತಿ ಆದ್ರೆ? ಒಂದು ಹೊಲಿಗೆಗೆ ಎರಡು ಅಂಚು, ಅಂದ್ರೆ ಇಂಚಿನ ಎಂಟನೇ ಒಂದು ಭಾಗ ಮಾಯ. 22 ಹೊಲಿಗೆಗೆ ಎರಡೂಮುಕ್ಕಾಲು ಇಂಚು! ಹಾಗಾಗಿ ಆರೇ ಕಂಬ ಸಾಕು ಅಂತ ತೀರ್ಮಾನ ಮಾಡಿದೆ. ಅಗಲವಾದ ಮೆಟ್ಟಿಲು, ಕಂಬದ ಸಾಲು, ನಡುವೆ ಗುಮ್ಮಟ ಇದ್ರೆ ಯಾರಿಗಾದ್ರೂ ಗುರುತು ಸಿಗತ್ತೆ.

ಅಠಾರ ಕಚೇರಿಗೆ ಕೆಂಪು ಬಣ್ಣವೇ ಗುರುತು. 1868ರ ಹೊತ್ತಿಗೆ ಸಿದ್ಧವಾದ ಈ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದವು, ಅದಕ್ಕೇ ಆ ಹೆಸರು. ಈಗಿರೋದು ಹೈಕೋರ್ಟು. 1980ರ ದಶಕದಲ್ಲಿ ಇದನ್ನ ಕೆಡವೋ ಮಾತು ಬಂದಾಗ ಜನ ಕೋರ್ಟಿಗೆ ಹೋಗಿ ಹೋರಾಡಿದ್ರು, ಉಳೀತು. ಕೆಂಪು ಬಟ್ಟೆಯನ್ನ ಮಾತ್ರ ಮೊದಲೇ ನೆನೆಸಿ ಒಗೆದುಕೊಳ್ಳಬೇಕು, ಇಲ್ಲದಿದ್ರೆ ಬಣ್ಣ ಬಿಟ್ಟು ಎದುರಿನ ವಿಧಾನಸೌಧವೂ ಕೆಂಪಾಗತ್ತೆ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ನಿಜವಾದ ತಲೆನೋವು. ಎಲ್ಲಿ ನೋಡಿದ್ರೂ ಕಮಾನು. ನೇರ ಪಟ್ಟಿ ಬಾಗಲ್ಲ. ಕ್ರಾಸಾಗಿ ಕತ್ತರಿಸಿದ ಪಟ್ಟಿಯನ್ನ ಬಳುಕಿಸಿ ಮೇಲಿಂದ ಕೂರಿಸಬೇಕು.

ಎರಡು ಬ್ಲಾಕ್ ಮುಗಿದಾಗ ಅಜ್ಜಿ ಬಂದು ಬೆರಳಲ್ಲಿ ತಿಕ್ಕಿ ನೋಡಿದ್ರು. ನಮ್ಮಜ್ಜಿ ಧಾರವಾಡದ ಕಡೆಯವರು, ಮನೆ ಮಂದಿಗೆಲ್ಲ ಕೌದಿ ಹೊಲಿದವರು.

"ಹೊಸಾ ಅರಿವಿ ಕತ್ತರಿಸಿ ಯಾರರ ಕೌದಿ ಹೊಲೀತಾರೇನವಾ? ಕೂಸಿನ ಮೈಗೆ ಚುಚ್ಚತದ."

"ಅಜ್ಜಿ, ಇದು ನಮ್ಮ ಬೆಂಗಳೂರು. ಮಗುವಿಗೆ ಗೊತ್ತಾಗ್ಲಿ ಅಂತ."

"ಅದ ಖರೇ. ಆದ್ರ ಇದರಾಗ ಮಂದೀನ ಇಲ್ಲಲ್ಲ?"

ಏನು ಹೇಳ್ಬೇಕೋ ತಿಳೀಲಿಲ್ಲ. ಯಾಕಂದ್ರೆ ಅಜ್ಜಿಯ ಕೌದಿಯಲ್ಲಿ ಬೆರಳಿಟ್ಟಲ್ಲೆಲ್ಲ ಯಾರಾದ್ರೂ ಇರ್ತಾರೆ. ಇದು ಅಜ್ಜನ ಧೋತರ, ಇದು ಅಮ್ಮನ ಲಂಗ, ಇದು ತೀರಿಹೋದ ಚಿಕ್ಕಜ್ಜಿಯ ಸೀರೆ. ಉಟ್ಟು, ಒಗೆದು, ಮೆತ್ತಗಾದ ಮೇಲಷ್ಟೇ ಬಟ್ಟೆಗೆ ಅಲ್ಲಿ ಜಾಗ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರೂ ಹಳೇ ಬಟ್ಟೆಯಲ್ಲೇ ಕೌದಿ ಹೊಲಿಯೋದು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ಗ್ರಾಫ್ ಹಾಳೆ ಗೀಫ್ ಹಾಳೆ ಏನೂ ಇಲ್ಲ.

ಕಟ್ಟಡದ ಮೇಲೆ ಅಜ್ಜಿಗೆ ಸಿಟ್ಟಿಲ್ಲ ಅಂತ ಗೊತ್ತಾಗಿದ್ದು ಟ್ರಂಕಿಂದ ಒಂದು ಇಳಕಲ್ ಸೀರೆ ತೆಗೆದಾಗ. ಸೆರಗಿನ ತುಂಬಾ ಕಸೂತಿ ಗೋಪುರ. ಚಿತ್ರ ಬರೆದುಕೊಳ್ಳದೆ, ಗಂಟು ಹಾಕದೆ, ಬರೀ ಎಳೆ ಎಣಿಸಿ ಹಾಕಿದ್ದು. ಮೆಟ್ಟಿಲು ಮೆಟ್ಟಿಲಾಗಿ ಏರೋ ಗೋಪುರ ಎಳೆ ಎಣಿಕೆಗೆ ತಾನಾಗೇ ಒಗ್ಗತ್ತೆ. ನನ್ನ ಪಟ್ಟಿಗಳಿಗೆ ಕಂಬ ಒಗ್ಗಿದ ಹಾಗೆ, ಅಲ್ವಾ?

ಆ ಸೀರೆಗೆ ನಾನು ಕತ್ತರಿ ಹಾಕಲಿಲ್ಲ, ಅಜ್ಜಿನೂ ಕೊಡ್ತಿರಲಿಲ್ಲ ಬಿಡಿ. ಅವರು ಕೊಟ್ಟಿದ್ದು ದಿನಾ ಉಡೋ ಎರಡು ಹತ್ತಿ ಸೀರೆ. ಒಂದು ಒಳಗಿನ ಪದರಕ್ಕೆ, ಇನ್ನೊಂದು ಅಡಿಗೆ. ಮೇಲೆ ನನ್ನ ಬೆಂಗಳೂರು. ಮೂರನ್ನೂ ಸೇರಿಸಿ ಸಾಲು ಹೊಲಿಗೆ ಹಾಕೋದು ತಮ್ಮದೇ ಕೆಲಸ ಅಂತ ಸೂಜಿ ಕಿತ್ತುಕೊಂಡ್ರು. ಕಣ್ಣು ಮಂಜು, ಹೊಲಿಗೆ ಸೊಟ್ಟ. ಹದಿನಾರನೇ ಒಂದು ಇಂಚಿನ ನನ್ನ ಲೆಕ್ಕದ ಮೇಲೆಲ್ಲ ಅವರ ದಾರ ಇರುವೆ ಸಾಲಿನ ಥರ ಹೋಗಿದೆ. ಅದರಲ್ಲಿ ಒಂದನ್ನೂ ಬಿಚ್ಚೋಕೆ ನಂಗೆ ಮನಸ್ಸಾಗಲಿಲ್ಲ. ಅಷ್ಟು ದೂರ ಹೋಗಿ ಮರಿಮೊಮ್ಮಗುವನ್ನ ಎತ್ತಿಕೊಳ್ಳೋದು ಇನ್ನು ಆಗದ ಮಾತು ಅಂತ ಅಜ್ಜಿಗೂ ಗೊತ್ತು, ನಮಗೂ ಗೊತ್ತು.

ಈಗ ಅಕ್ಕ ವಿಡಿಯೋ ಕಾಲಲ್ಲಿ ಹೇಳ್ತಾಳೆ, ಮಗು ಮಲಗೋದು ಸೀರೆ ಕಡೆಗೆ ಕೆನ್ನೆ ಒತ್ತಿಕೊಂಡೇ ಅಂತೆ. ವಿಧಾನಸೌಧ ಚಾಪೆ ನೋಡ್ತಾ ಇರತ್ತೆ. ನಂಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು ಅಂದಾಗ ಅಜ್ಜಿ ಸಮಾಧಾನ ಮಾಡಿದ್ರು:

"ಇನ್ನೂ ಹೊಸಾದದ ಅಲ್ಲ. ನಾಕು ವರ್ಷ ಒಗೀಲಿ. ನಿನ್ನ ಕಟ್ಟಡಾನೂ ಮೆತ್ತಗಾಗತಾವ. ಆಮ್ಯಾಲೆ ಅದು ಕೌದಿ ಆಗತದ."