ಎಂಟು ಗಂಟೆಗೆ ದೀಪ ಆರಿಸಿ

ಚಿಲಿಯ ಸಾಂಟಿಯಾಗೊ, 1983ರ ಮೇ 11, ಬುಧವಾರ. ಹೊತ್ತೇರಿದರೂ ನೀವು ಮಗಳನ್ನು ಎಬ್ಬಿಸಿಲ್ಲ. ಇವತ್ತು ಅವಳಿಗೆ ‘ಜ್ವರ’. ಎದುರು ಮನೆಯ ಹುಡುಗರಿಗೂ ಮೂಲೆಮನೆಯ ಅವಳಿ ಮಕ್ಕಳಿಗೂ ಇವತ್ತೇ ಜ್ವರ ಬಂದಿದೆ. ಶಾಲೆಯಲ್ಲಿ ಮೇಷ್ಟ್ರು ಖಾಲಿ ಬೆಂಚುಗಳ ಮುಂದೆ ನಿಂತು ಹಾಜರಿ ಕೂಗುತ್ತಿರಬೇಕು. ಮಗುವಿಗೆ ಮೈ ಸುಡುತ್ತಿದೆ ಎಂದ ತಾಯಿಯನ್ನು ಯಾವ ಕಾನೂನಿನ ಕೆಳಗೆ ಹಿಡಿದೊಯ್ಯುತ್ತಾರೆ?

ನೀವಿರುವುದು ಲಾ ವಿಕ್ಟೋರಿಯಾದಲ್ಲಿ, ನಗರದ ದಕ್ಷಿಣಕ್ಕೆ. 1957ರಲ್ಲಿ ಸೂರಿಲ್ಲದವರು ಖಾಲಿ ಜಾಗಕ್ಕೆ ನುಗ್ಗಿ, ಗೂಟ ನೆಟ್ಟು, ಕಟ್ಟಿಕೊಂಡ ಬಡಾವಣೆ ಇದು. ಹಲಗೆಯ ಗೋಡೆ, ತಗಡಿನ ಮಾಡು. ಕಳೆದ ವರ್ಷ ಒಂದರಲ್ಲೇ ದೇಶದ ಉತ್ಪನ್ನ ಸುಮಾರು ಶೇ 14ರಷ್ಟು ಕುಸಿದಿದೆ. ಗಂಡ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದಾನೆ. ಬೀದಿಯ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಉಳಿದದ್ದನ್ನು, ಒಂದು ಹಿಡಿ ಕಾಳು, ಎರಡು ಆಲೂಗಡ್ಡೆ, ಒಂದು ಈರುಳ್ಳಿ, ಒಂದೇ ದೊಡ್ಡ ಪಾತ್ರೆಗೆ ಹಾಕಿ ಬೇಯಿಸಿ ಹಂಚಿಕೊಳ್ಳುತ್ತಾರೆ. ಆ ಪಾತ್ರೆ ಈಗ ನಿಮ್ಮ ಮನೆಯಲ್ಲಿದೆ.

ಇವತ್ತು ಮಾಡಬೇಕಾದ್ದು ಬಾಯಿಂದ ಬಾಯಿಗೆ ಬಂದು ನಿಮ್ಮನ್ನೂ ಮುಟ್ಟಿದೆ. ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ಅಂಗಡಿಯಲ್ಲಿ ಏನೂ ಕೊಳ್ಳಬೇಡಿ. ಕೆಲಸದಲ್ಲಿ ಕೈ ನಿಧಾನವಾಗಲಿ, ರಸ್ತೆಯಲ್ಲಿ ಗಾಡಿ ನಿಧಾನವಾಗಲಿ. ರಾತ್ರಿ ಎಂಟಕ್ಕೆ ದೀಪ ಆರಿಸಿ ಪಾತ್ರೆ ಬಡಿಯಿರಿ.

ಕರೆ ಕೊಟ್ಟವರು ಮೊದಲು ಯೋಚಿಸಿದ್ದು ಹೀಗಲ್ಲ. ಏಪ್ರಿಲ್‌ನಲ್ಲಿ ತಾಮ್ರ ಗಣಿ ಕಾರ್ಮಿಕರ ಒಕ್ಕೂಟ ಪುಂಟಾ ಡೆ ಟ್ರಾಲ್ಕಾದಲ್ಲಿ ಸಭೆ ಸೇರಿ, ಇದೇ ದಿನಕ್ಕೆ ದೇಶವ್ಯಾಪಿ ಮುಷ್ಕರ ಎಂದು ತೀರ್ಮಾನಿಸಿತ್ತು. ಚಿಲಿಯ ಬೊಕ್ಕಸ ತುಂಬುವುದು ತಾಮ್ರದಿಂದ. ಗಣಿ ನಿಂತರೆ ಸರ್ವಾಧಿಕಾರಿ ಪಿನೊಚೆಟ್‌ನ ಸೈನಿಕ ಸರ್ಕಾರದ ಕತ್ತು ಹಿಸುಕಿದಂತೆ ಎಂಬ ಲೆಕ್ಕ. ಆದರೆ ಗಣಿಗೊಂದು ಗೇಟು ಇರುತ್ತದೆ, ಗೇಟಿಗೆ ಸೈನಿಕರನ್ನು ನಿಲ್ಲಿಸಬಹುದು. ಮಸ್ಟರ್ ರೋಲಿನಲ್ಲಿ ಹೆಸರು ನೋಡಿ ಕೆಲಸದಿಂದ ಕಿತ್ತುಹಾಕಬಹುದು. ನಾಯಕನ ಮನೆ ಎಲ್ಲಿದೆ ಎಂಬುದೂ ಗೊತ್ತಿರುತ್ತದೆ. ಸರ್ಕಾರಿ ನೌಕರರ ಸಂಘದ ಮುಖಂಡ ಟುಕಾಪೆಲ್ ಹಿಮೆನೆಸ್‌ನನ್ನು ಹಿಂದಿನ ವರ್ಷದ ಫೆಬ್ರುವರಿಯಲ್ಲಿ ಕೊಂದದ್ದನ್ನು ಯಾರೂ ಮರೆತಿಲ್ಲ. ಒಕ್ಕೂಟದ ಅಧ್ಯಕ್ಷ ರೊಡೊಲ್ಫೊ ಸೆಗೆಲ್‌ಗೆ ಇನ್ನೂ 29 ವರ್ಷ. ಅವನೂ ಅವನ ಜೊತೆಗಾರರೂ ಮುಷ್ಕರ ಕೈಬಿಟ್ಟು ‘ರಾಷ್ಟ್ರೀಯ ಪ್ರತಿಭಟನೆಯ ದಿನ’ ಎಂದರು. ಗಣಿ ಕಾರ್ಮಿಕರ ತಲೆಯ ಮೇಲಷ್ಟೇ ಇದ್ದ ಅಪಾಯವನ್ನು ಚೂರುಚೂರು ಮಾಡಿ ಇಡೀ ದೇಶಕ್ಕೆ ಹಂಚಿಬಿಟ್ಟರು. ನಿಮ್ಮ ಪಾಲಿಗೆ ಬಂದದ್ದು ಒಂದು ಪಾತ್ರೆ, ಒಂದು ಸೌಟು.

ಮಧ್ಯಾಹ್ನ ಪೇಟೆಯ ಕಡೆ ಹೋಗಿ ನೋಡಿ. ಬಸ್ಸು ಮೈ ಭಾರವಾದಂತೆ ತೆವಳುತ್ತಿದೆ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಸಿಟ್ಟಿಗೋ ಪ್ರತಿಭಟನೆಗೋ ಹೇಳಲು ಬಾರದು. ಹಸಿರು ಸಮವಸ್ತ್ರದ ಪೊಲೀಸರು ಪ್ರತಿ ಅಡ್ಡರಸ್ತೆಯಲ್ಲೂ ನಿಂತಿದ್ದಾರೆ. ಚದುರಿಸೋಣವೆಂದರೆ ಗುಂಪೇ ಇಲ್ಲ. ಅಂಗಡಿಯವನು ಗಿರಾಕಿಗಳಿಲ್ಲದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾನೆ. ನಿಮ್ಮನ್ನು ನೋಡಿಯೂ ಏನು ಬೇಕೆಂದು ಕೇಳುವುದಿಲ್ಲ.

ಸಂಜೆ ಆರರೊಳಗೆ ಹೊತ್ತು ಮುಳುಗುತ್ತದೆ. ಇಲ್ಲಿ ಮೇ ಎಂದರೆ ಚಳಿಗಾಲದ ಬಾಗಿಲು. ಸೀಮೆಎಣ್ಣೆ ಒಲೆಯ ವಾಸನೆ ಮನೆಯಲ್ಲಿ ತುಂಬಿಕೊಂಡಿದೆ. ಏಳೂ ಮುಕ್ಕಾಲು. ಎದೆ ಡವಗುಡುತ್ತಿದೆ. ನೀವೊಬ್ಬರೇ ಬಡಿದರೆ? ಸದ್ದು ಎಲ್ಲಿಂದ ಬಂತೆಂದು ಪಕ್ಕದ ಮನೆಯವರೇ ಬೆರಳು ತೋರಿಸಿದರೆ? ಸುಮಾರು ಹತ್ತು ವರ್ಷದಿಂದ, ಸೈನ್ಯ ಅಧಿಕಾರ ಕಿತ್ತುಕೊಂಡ 1973ರ ಸೆಪ್ಟೆಂಬರ್ 11ರಿಂದ, ಈ ಸರ್ಕಾರ ನಡೆದಿರುವುದೇ ಈ ಅನುಮಾನದ ಮೇಲೆ. ಯಾರು ಯಾರ ಕಡೆ ಎಂಬುದು ಯಾರಿಗೂ ಗೊತ್ತಿಲ್ಲ.

ಎಂಟು. ದೀಪ ಆರಿಸುತ್ತೀರಿ. ಎಲ್ಲೋ ದೂರದಲ್ಲಿ ಟಣ್ ಎಂದಿತು. ಮತ್ತೊಂದು. ನೀವು ಸೌಟಿನಿಂದ ಪಾತ್ರೆಯ ತಳಕ್ಕೆ ಒಂದೇಟು ಹಾಕುತ್ತೀರಿ, ಮೆಲ್ಲಗೆ. ಗೋಡೆಯಾಚೆಯಿಂದ ತಕ್ಷಣ ಉತ್ತರ ಬರುತ್ತದೆ. ನಾಲ್ಕು ನಿಮಿಷದೊಳಗೆ ಬೀದಿಗೆ ಬೀದಿಯೇ ಟಣಗುಟ್ಟುತ್ತಿದೆ. ಮಗಳು ಜ್ವರ ಮರೆತು ಎರಡು ಮುಚ್ಚಳ ಹಿಡಿದು ಕುಣಿಯುತ್ತಿದ್ದಾಳೆ. ಗಂಡ ಹೊರಗೆ ಕಿವಿಗೊಟ್ಟು, “ಪಕ್ಕದವರು ಕೂಡ!” ಎನ್ನುತ್ತಾನೆ. ಈ ರಾತ್ರಿ ಕೈಗೆ ಸಿಕ್ಕಿದ್ದು ಅದೇ. ಪಿನೊಚೆಟ್ ಕುರ್ಚಿ ಒಂದಿಂಚೂ ಅಲುಗಿಲ್ಲ. ಆದರೆ ಪಕ್ಕದವರು ನಮ್ಮ ಕಡೆ ಎಂಬುದು ಇಡೀ ಊರಿಗೆ ಒಂದೇ ಹೊತ್ತಿಗೆ ಗೊತ್ತಾಗಿಬಿಟ್ಟಿತು.

ಪೂರ್ವದ ಸಿರಿವಂತ ಬಡಾವಣೆಗಳಲ್ಲೂ ಪಾತ್ರೆ ಸದ್ದು ಎದ್ದಿದೆ. ಅಲ್ಲಿಯವರಿಗೆ ಇದು ಹೊಸತಲ್ಲ. 1971ರ ಡಿಸೆಂಬರ್‌ನಲ್ಲಿ, ಆಗಿನ ಎಡಪಂಥೀಯ ಅಧ್ಯಕ್ಷ ಅಯೆಂಡೆಯ ಸರ್ಕಾರದ ವಿರುದ್ಧ ಖಾಲಿ ಪಾತ್ರೆ ಬಡಿಯುತ್ತ ಮೆರವಣಿಗೆ ಹೋದವರಲ್ಲಿ ಆ ಮನೆಗಳ ಹೆಂಗಸರೂ ಇದ್ದರು. ಅವತ್ತು ಆ ಸದ್ದನ್ನು ಮೆಚ್ಚಿದ ಬಲಪಂಥ ಇವತ್ತು ಅದನ್ನು ದೇಶದ್ರೋಹ ಎನ್ನಲು ತಡವರಿಸಬೇಕು.

ಆದರೆ ಅಪಾಯ ಸಮನಾಗಿ ಹಂಚಿಹೋಗಲಿಲ್ಲ. ಮೇ 11ರಂದೇ ಇಬ್ಬರು ಸತ್ತರು. ಮೇ 14, ಶನಿವಾರ ನಸುಕಿನಲ್ಲಿ ನಿಮ್ಮನ್ನು ಎಬ್ಬಿಸುವುದು ಲಾರಿಗಳ ಸದ್ದು. ದಕ್ಷಿಣದ ಬಡಾವಣೆಗಳನ್ನು ಸೈನಿಕರೂ ಪೊಲೀಸರೂ ಸುತ್ತುವರಿದಿದ್ದಾರೆ. 14 ದಾಟಿದ ಗಂಡಸರೆಲ್ಲ ಹೊರಗೆ! ಗಂಡನನ್ನು ಒಳ ಅಂಗಿಯಲ್ಲೇ ಬಯಲಿಗೆ ನಡೆಸುತ್ತಾರೆ. ಮನೆ ಜಾಲಾಡುವವನು ಪಾತ್ರೆಯನ್ನು ಬೂಟಿನಲ್ಲಿ ಒದ್ದು ಹೋಗುತ್ತಾನೆ. ಸಿರಿವಂತರ ಬೀದಿಗೆ ಅವತ್ತು ಒಂದು ಲಾರಿಯೂ ಹೋಗಲಿಲ್ಲ.

ಜೂನ್‌ನಲ್ಲಿ ಮತ್ತೆ ಪ್ರತಿಭಟನೆ, ಮಾರನೆಯ ದಿನ ಸೆಗೆಲ್ ಬಂಧನ. ಜುಲೈನಲ್ಲಿ ಕರ್ಫ್ಯೂ. ಆಗಸ್ಟ್ 11ರ ಹೊತ್ತಿಗೆ ಪಿನೊಚೆಟ್ 18,000 ಸೈನಿಕರನ್ನು ನಗರಕ್ಕಿಳಿಸಿದ್ದಾನೆ. ಈಗ ನಿಮ್ಮ ಬೀದಿಯ ಹುಡುಗರು ಪಾತ್ರೆ ಬಿಟ್ಟು ಟೈರಿಗೆ ಬೆಂಕಿ ಹಚ್ಚುತ್ತಾರೆ, ಲಾರಿ ಒಳಬರದಂತೆ ಹೊಂಡ ತೋಡುತ್ತಾರೆ. ಅವರ ಸಿಟ್ಟು ನಿಮಗೆ ಅರ್ಥವಾಗುತ್ತದೆ. ಆದರೆ ಮೇ ತಿಂಗಳಲ್ಲಿ ಸೈನ್ಯಕ್ಕೆ ಸಿಗದೇ ಇದ್ದ ಗುರಿ ಈಗ ಸಿಕ್ಕಿದೆ. ಬೆಂಕಿ ಎಲ್ಲಿದೆಯೋ ಅಲ್ಲಿಗೆ ಗುಂಡು. ಹಲಗೆಯ ಗೋಡೆ ಗುಂಡು ತಡೆಯುವುದಿಲ್ಲ. ಮಗಳನ್ನು ಮಂಚದ ಕೆಳಗೆ ಮಲಗಿಸಿ, ನೀವು ಅವಳ ಮೇಲೆ ಕವುಚಿಕೊಂಡು ರಾತ್ರಿ ಕಳೆಯುತ್ತೀರಿ. ಎರಡು ದಿನಗಳಲ್ಲಿ ಸತ್ತವರು 20ಕ್ಕೂ ಹೆಚ್ಚು, ಮನೆಯೊಳಗಿದ್ದವರೂ ಅವರಲ್ಲಿ ಸೇರಿದ್ದಾರೆ. ಒಂದು ಬೀದಿಗೆ ಕ್ಷೇಮವಾದ ದಾರಿ ಇನ್ನೊಂದು ಬೀದಿಗೆ ಕ್ಷೇಮವಲ್ಲ, ಮೇ ತಿಂಗಳಲ್ಲಿ ಕ್ಷೇಮವಾಗಿದ್ದದ್ದು ಆಗಸ್ಟ್‌ನಲ್ಲೂ ಹಾಗೇ ಇರುವುದಿಲ್ಲ.

ಹಾಗಾಗಿ ಬೇರೆ ದಾರಿ ಹುಡುಕುವವರೂ ಇದ್ದಾರೆ. ಸೆಪ್ಟೆಂಬರ್ 14. ನೀವು ಬೊರ್ಗೊನ್ಯೊ ಬೀದಿಯಲ್ಲಿದ್ದೀರಿ. 1470ನೇ ನಂಬರಿನ ಕಟ್ಟಡ ಗುಪ್ತ ಪೊಲೀಸರದು. ಒಳಹೋದವರ ಕೂಗು ಹೊರಗೆ ಕೇಳುವುದಿಲ್ಲ. ದಾರಿಹೋಕರಂತೆ ಕಂಡವರು ಇದ್ದಕ್ಕಿದ್ದಂತೆ ರಸ್ತೆ ನಡುವೆ ಕೂಡುತ್ತಾರೆ. ಸುಮಾರು 70 ಜನ, ಅವರಲ್ಲಿ ಪಾದ್ರಿಗಳಿದ್ದಾರೆ, ಸನ್ಯಾಸಿನಿಯರಿದ್ದಾರೆ. ಇಲ್ಲಿ ಚಿತ್ರಹಿಂಸೆ ನಡೆಯುತ್ತಿದೆ ಎಂಬ ಬ್ಯಾನರ್ ಬಿಚ್ಚಿಕೊಳ್ಳುತ್ತದೆ. ಒಂದು ಹಾಡು. ಕೆಲವೇ ನಿಮಿಷ. ಪೊಲೀಸರು ಬಂದಾಗ ಯಾರೂ ಕಲ್ಲೆತ್ತುವುದಿಲ್ಲ. ಕೆಲವರನ್ನು ವ್ಯಾನಿಗೆ ತುಂಬುತ್ತಾರೆ. ಎರಡು ತಿಂಗಳ ನಂತರ, ಗುಪ್ತ ಪೊಲೀಸರು ಒಯ್ದ ತನ್ನ ಮಕ್ಕಳಿಗಾಗಿ ಕೊನ್ಸೆಪ್ಸಿಯೊನ್ ಊರಿನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡ ಸೆಬಾಸ್ಟಿಯನ್ ಅಸೆವೆಡೊನ ಹೆಸರನ್ನು ಈ ಗುಂಪು ಇಟ್ಟುಕೊಳ್ಳುತ್ತದೆ. ಇಲ್ಲಿ ಅಪಾಯ ಹಂಚಿಹೋಗಿಲ್ಲ. ಬಡಾವಣೆಯ ಮಕ್ಕಳ ಮೇಲೆ ಬೀಳುತ್ತಿದ್ದುದನ್ನು, ಸರ್ಕಾರ ಮುಟ್ಟಲು ಹಿಂಜರಿಯುವಂಥವರು ತಿಳಿದೇ ತಮ್ಮ ಮೈಮೇಲೆ ಎಳೆದುಕೊಂಡಿದ್ದಾರೆ.

ಐದು ವರ್ಷ ಕಳೆಯುತ್ತದೆ. 1988ರ ಅಕ್ಟೋಬರ್ 5. ಪಿನೊಚೆಟ್ ಇನ್ನೂ ಎಂಟು ವರ್ಷ ಮುಂದುವರಿಯಬೇಕೇ, ಬೇಡವೇ ಎಂದು ಜನಮತ ಕೇಳಿದ್ದಾನೆ. ಅವನೇ ಹೂಡಿದ ಆಟದಲ್ಲಿ ಪಾಲ್ಗೊಳ್ಳುವುದೇ ಸೋಲು ಎಂದು ನಿಮ್ಮ ಬೀದಿಯಲ್ಲಿ ಎಷ್ಟೋ ಜನ ವಾದಿಸಿದ್ದರು. ‘ಬೇಡ’ ಪಾಳಯ ಆ ವಾದಕ್ಕೆ ಉತ್ತರ ಕೊಟ್ಟಿದ್ದು ಲೆಕ್ಕದಿಂದ. ಮತಗಟ್ಟೆಗಳಲ್ಲಿ ತಮ್ಮ ಏಜೆಂಟರು, ಅವರು ಬರೆದುಕೊಂಡ ಅಂಕಿ, ಅದನ್ನು ಕೂಡುವ ತಮ್ಮದೇ ಕಂಪ್ಯೂಟರು.

ರಾತ್ರಿ ಸರ್ಕಾರ ಮೊದಲು ‘ಬೇಕು’ ಮುಂದಿದೆ ಎನ್ನುತ್ತದೆ, ಆಮೇಲೆ ಮುಂದಿನ ಅಂಕಿಗಳನ್ನು ಕೊಡದೆ ಸತಾಯಿಸುತ್ತದೆ. ಕಾಲು ನಿಲ್ಲುವುದಿಲ್ಲ, ಬೀದಿಗೆ ಓಡಬೇಕೆನಿಸುತ್ತದೆ. ಆದರೆ ಪಾಳಯದ ಸೂಚನೆ ಸ್ಪಷ್ಟ: ಮನೆಯಲ್ಲೇ ಇರಿ. ಗಲಭೆ ಎದ್ದರೆ ಅದೇ ನೆಪದಲ್ಲಿ ಎಣಿಕೆ ನಿಲ್ಲಿಸಿಯಾರು. ನೀವು ರೇಡಿಯೊ ಮುಂದೆ ಕೈಕಟ್ಟಿ ಕೂರುತ್ತೀರಿ. ಮಧ್ಯರಾತ್ರಿಯ ನಂತರ ವಾಯುಪಡೆಯ ಮುಖ್ಯಸ್ಥ ಫರ್ನಾಂಡೊ ಮಾಟೆಯಿ ಅಧ್ಯಕ್ಷರ ಭವನದ ಒಳಗೆ ಹೋಗುವ ಮುನ್ನವೇ ಪತ್ರಕರ್ತರ ಮುಂದೆ ‘ಬೇಡ’ ಗೆದ್ದಿದೆ ಎಂದು ಒಪ್ಪಿಕೊಳ್ಳುತ್ತಾನೆ. ಸುಮಾರು ಶೇ 56. ಸೈನಿಕ ಆಡಳಿತ ಮಂಡಳಿಯ ಸದಸ್ಯನೇ ಹಾಗೆಂದ ಮೇಲೆ ಪಿನೊಚೆಟ್‌ಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ಬೀದಿಗಿಳಿಯಲು ಇನ್ನು ಅಡ್ಡಿಯಿಲ್ಲ. ಬೆಳಗಾದ ಮೇಲೆ, ಮಗಳನ್ನೂ ಕರೆದುಕೊಂಡು.