ಹಗ್ಗ ಎಸೆಯುವ ಪಾಠ

ಯಾದಗಿರಿಯಿಂದ ಶಹಾಪುರದ ಬಸ್ಸು ಹತ್ತಿದರೆ ಊರು ದಾಟುತ್ತಲೇ ಭೀಮಾ ಸೇತುವೆ. ಬೇಸಿಗೆಯಲ್ಲಿ ಇಲ್ಲಿ ಬಂಡೆಗಳ ನಡುವೆ ನೀರು ಹುಡುಕಬೇಕು. 2020ರ ಅಕ್ಟೋಬರಿನಲ್ಲಿ ಇದೇ ಹೊಳೆ ದಂಡೆಯ ಹಳ್ಳಿಗಳಿಗೆ ನುಗ್ಗಿತ್ತು. ನಮ್ಮಲ್ಲಿ ಮಳೆಯಾಗಲೇಬೇಕೆಂದಿಲ್ಲ, ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿದರೆ ಸಾಕು.

ಈ ದಂಡೆಯಲ್ಲೇ ನಾನು ನೆರೆ ಪರಿಹಾರದ ಸ್ವಯಂಸೇವಕನಾಗಲು ಕಲಿಯಹೋದೆ. ಐವತ್ತು ದಾಟಿದವನಿಗೆ ಈ ಉಸಾಬರಿ ಏಕೆಂದು ಮನೆಯಲ್ಲಿ ಕೇಳಿದರು. ಕಲಿಸುವ ತರುಣ ಮೊದಲ ದಿನವೇ, "ಸರ, ನೀರಿಗಿ ಮಾತ್ರ ಜಿಗೀಬ್ಯಾಡ್ರಿ. ಮುಳುಗೋರು ಒಬ್ರ ಇದ್ದಲ್ಲಿ ಇಬ್ರಾಗ್ತೀರಿ" ಎಂದ. ಮೊದಲು ಕೋಲು ಚಾಚಬೇಕು, ನಿಲುಕದಿದ್ದರೆ ಹಗ್ಗ ಎಸೆಯಬೇಕು, ಆಮೇಲೆ ದೋಣಿ. ಈಜುವುದು ಎಲ್ಲ ದಾರಿ ಮುಚ್ಚಿದ ಮೇಲೆ, ಅದೂ ಪಳಗಿದವರು ಮಾತ್ರ. ಎಸೆದ ಹಗ್ಗ ಮುಳುಗುವವನ ಹೆಗಲು ದಾಟಿ ಬೀಳಬೇಕು. ನನ್ನ ಮೊದಲ ಆರು ಎಸೆತಗಳೂ ಜಾಲಿಕಂಟಿಯ ಪಾಲಾದವು.

ನೀರು ಕುಡಿದವನನ್ನು ಹೊತ್ತು ಗರಗರ ತಿರುಗಿಸುವುದನ್ನು, ಹೊಟ್ಟೆ ಒತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಅದರಿಂದ ಹೊತ್ತು ಕಳೆಯುತ್ತದೆ, ಅಷ್ಟೆ. ಉಸಿರು ನಿಂತವನಿಗೆ ಮೊದಲು ಬೇಕಾದದ್ದು ಉಸಿರು. ಬಾಯಿಗೆ ಬಾಯಿಟ್ಟು ಎರಡು ಬಾರಿ ಊದಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಬೇಕು. ಮತ್ತೆ ಊದಬೇಕು, ಮತ್ತೆ ಒತ್ತಬೇಕು. ಗೊಂಬೆಯ ಮೇಲೆ ಎರಡು ನಿಮಿಷ ಒತ್ತುವಷ್ಟರಲ್ಲಿ ನನ್ನ ತೋಳುಗಳು ಸೋತವು.

ಕಲಿತದ್ದನ್ನು ತಲೆಯಲ್ಲಿಟ್ಟುಕೊಂಡು ಕೃಷ್ಣೆಯ ಕಡೆ ಹೊರಟೆ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಸುತ್ತ ಕಾಲುವೆ ನೀರಿನ ಗದ್ದೆಗಳು. ದೇವದುರ್ಗದ ದಾರಿಯಲ್ಲಿರುವ ಕೊಳ್ಳೂರು ಸೇತುವೆ 2019ರ ಆಗಸ್ಟಿನಲ್ಲಿ ಮುಳುಗಿತ್ತು. ಆಗ ನಾರಾಯಣಪುರದ ಬಸವಸಾಗರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ಮುಟ್ಟಿತ್ತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೂ ಹೆಚ್ಚು. ಒಟ್ಟು ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಲೀಟರು! ಹರಿವಿನ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿ. ಮೊಣಕಾಲುದ್ದದ ನೀರೆಂದು ಸೇತುವೆಗೆ ಗಾಡಿ ಇಳಿಸುವವರಿಗೆ ಈ ಲೆಕ್ಕ ಯಾರು ಹೇಳಬೇಕು?

ಸುರಪುರದಲ್ಲಿ ಮೆಡೋಸ್ ಟೇಲರನ ಬಂಗಲೆ ನೋಡುವ ಆಸೆಯಿತ್ತು. ಕಕ್ಕೇರಾ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ.

ಆ ಸೀಮೆಯಲ್ಲೇ ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿ. 2014ರ ಜುಲೈನಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಕುಂಬಳ, ಸೋರೆ ಬುರುಡೆಗಳನ್ನು ಕಟ್ಟಿಕೊಂಡು, ತಂದೆ ಮತ್ತು ಅಣ್ಣನ ಆಸರೆಯಲ್ಲಿ ಉಕ್ಕಿದ ಹೊಳೆ ಈಜಿ ದಡ ಸೇರಿದ್ದಳು. ಪತ್ರಿಕೆಗಳಲ್ಲೆಲ್ಲ ಸುದ್ದಿ.  ಐದು ಲೀಟರ್ ಗಾತ್ರದ ಟೊಳ್ಳು ಬುರುಡೆ ಪೂರ್ತಿ ಮುಳುಗಿದಾಗ, ತನ್ನ ತೂಕ ಕಳೆದು, ಐದು ಕಿಲೋಕ್ಕೆ ತುಸು ಕಡಿಮೆ ಎತ್ತಿಹಿಡಿಯುತ್ತದೆ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ನೀರಿನ ಮೇಲೆ ಉಳಿಸಬೇಕಾದದ್ದು ನಾಲ್ಕೈದು ಕಿಲೋದ ತಲೆಯನ್ನಷ್ಟೇ. ತರಬೇತಿಯಲ್ಲಿ ನಾವು ಮುಚ್ಚಳ ಬಿಗಿದ ಖಾಲಿ ಡಬ್ಬಿಗಳಿಂದ ಮಾಡಿದ್ದೂ ಇದನ್ನೇ.

ಆರ್ಕಿಮಿಡೀಸನ ಪಾಠ ಮಾಡುವಾಗಲೆಲ್ಲ ಈ ಧೈರ್ಯದ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ಈಗ ಹೇಳಲು ಬಾಯಿ ಬರುವುದಿಲ್ಲ. ಹೆರಿಗೆಯ ತಿಂಗಳು ಮೊದಲೇ ಗೊತ್ತಿತ್ತು, ಹೊಳೆ ತುಂಬುವ ತಿಂಗಳೂ ಗೊತ್ತಿತ್ತು. ಬುರುಡೆ ಕಟ್ಟಿಕೊಳ್ಳುವ ಗತಿ ಆಕೆಗೇಕೆ ಬರಬೇಕಿತ್ತು? ಸ್ವಯಂಸೇವಕನ ಕೆಲಸ ನೀರು ಬಂದಾಗಲ್ಲ, ಮೇ ತಿಂಗಳಲ್ಲೇ ಶುರುವಾಗಬೇಕು.

ಮರಳಿದ ಮೇಲೆ ಹೊಳೆದಂಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಮನೆಗೆಲಸ ಕೊಟ್ಟೆ. ನಿಮ್ಮ ಓಣಿಯಲ್ಲಿ ಬಸುರಿಯರೆಷ್ಟು, ಹಾಸಿಗೆ ಹಿಡಿದವರೆಷ್ಟು, ಈಜು ಬಲ್ಲವರಾರು, ಹರಿಗೋಲು ಯಾರ ಬಳಿ ಇದೆ, ಬರೆದು ತನ್ನಿ ಎಂದೆ. ಹರಿಗೋಲಿನ ಸಾಲಿನಲ್ಲಿ ಹೆಚ್ಚಿನವರು "ಇಲ್ಲ" ಎಂದು ಬರೆದಿದ್ದರು.